ಪ್ರಶ್ನೆ ಕಾಣದ ಉತ್ತರಗಳು

"ರಟ್ಟಿಗೆ ಬೇರೆ ರೇಟು, ಪೇಪರ್‌ಗೆ ಬೇರೆ ರೇಟು ಅಕ್ಕಾ" ಅಂತ ಹೇಳಿ ಆ ಹುಡುಗ ನನ್ನ ಕಣ್ಣೆದುರೇ ಇನ್ನೊಂದು ಪುಸ್ತಕದ ರಟ್ಟು ಕಿತ್ತ. 130 ವರ್ಷದ ಹಳೇ ಹೊಲಿಗೆ. ಒಂದೇ ಎಳೆತಕ್ಕೆ ಬಂತು. ಅವನ ತಪ್ಪಲ್ಲ, ಅವನ ಕೆಲಸ ಅದು. ನನಗೆ ಸಿಟ್ಟು ಬಂದಿರುವುದು ಆ ಪುಸ್ತಕಗಳನ್ನು ತೂಕಕ್ಕೆ ಹಾಕಿದವರ ಮೇಲೆ. ಮನೆಗೆ ಬಂದು ಎರಡು ಗಂಟೆ ಆಯಿತು, ಇನ್ನೂ ಇಳಿದಿಲ್ಲ. ಉದ್ದ ಆಗುತ್ತೆ, ಬಿಡುವು ಇದ್ದವರು ಓದಿ.

ನಿಮಗೆಲ್ಲ ಗೊತ್ತಲ್ಲ, ಶನಿವಾರ ಸ್ಕೂಲು ಬಿಟ್ಟ ಮೇಲೆ ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತೇನೆ. ಇವತ್ತು ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಅಮ್ಮನಿಗೆ ಮಾತ್ರೆ ತಗೊಂಡು ನಡೆಯುತ್ತಿದ್ದೆ. ಗುಜರಿ ಅಂಗಡಿ ಮುಂದೆ ದಪ್ಪ ದಪ್ಪ ಪುಸ್ತಕಗಳನ್ನು ಹುರಿಯಲ್ಲಿ ಕಟ್ಟಿ ಒಟ್ಟಿದ್ದರು. ಯಾವುದೋ ಹಳೇ ಸಂಸ್ಥೆಯವರು ಲೈಬ್ರರಿ ಕೋಣೆ ಖಾಲಿ ಮಾಡಿದ್ದಾರಂತೆ. ಯಾರು ಅಂತ ಇಲ್ಲಿ ಹೇಳುವುದಿಲ್ಲ. ಒಂದು ಕಟ್ಟಿನ ಬೆನ್ನಿನ ಮೇಲೆ ಮಾಸಿದ ಚಿನ್ನದ ಅಕ್ಷರ ಕಂಡಿತು. ನಿಂತುಬಿಟ್ಟೆ. ಗರ್ಲ್ಸ್ ಓನ್.

ಅಮ್ಮನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ್ದ ಹೆಸರು ಅದು. ಕಣ್ಣಲ್ಲಿ ನೋಡಿದ್ದು ಇವತ್ತೇ ಮೊದಲು.

ನಮ್ಮ ಅಜ್ಜಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬ ಗಣಿ ಅಧಿಕಾರಿಯ ಬಂಗಲೆಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತಗೊಂಡಿತು. ಆಮೇಲೆ ಆ ಮನೆಯವರು ಊರಿಗೆ ಹೊರಟರು. ಹೊರಡುವಾಗ ಒಂದು ಬುಟ್ಟಿ ಬಟ್ಟೆ ತುಂಡು, ದಾರದ ಉಂಡೆ, ಜೊತೆಗೆ ಗರ್ಲ್ಸ್ ಓನ್‌ನ ಒಂದು ದಪ್ಪ ಪುಸ್ತಕ ಅಜ್ಜಿಗೆ ಕೊಟ್ಟರಂತೆ. ಪುಸ್ತಕ ಯಾಕೆ ಅಂದರೆ ಅದರಲ್ಲಿ ಕ್ರೋಶಾ, ಕಸೂತಿ ಚಿತ್ರಗಳಿದ್ದವು. ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಚಿತ್ರ ನೋಡಿ ಕುಣಿಕೆ ಎಣಿಸಿ ಹಾಗೇ ಹೆಣೆಯುತ್ತಿದ್ದಳು. ನಮ್ಮ ಮನೆಯ ದೇವರ ಗೂಡಿನ ಪರದೆಗೆ ಇದ್ದ ಲೇಸ್ ಅದರಿಂದಲೇ ಬಂದಿದ್ದು. ಅಮ್ಮ ಇಂಗ್ಲಿಷ್ ಓದೋದು ಕಲಿತದ್ದು ಅದೇ ಪುಸ್ತಕದಲ್ಲಿ. ಆಮೇಲೆ ಗೆದ್ದಲು ಹಿಡಿದು ಹೋಯಿತು.

ಈಗ ಈ ಪತ್ರಿಕೆ ಏನು ಅಂತ ಸ್ವಲ್ಪ ಹೇಳಬೇಕು.

ಲಂಡನ್ನಿನಲ್ಲಿ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ ಅಂತ ಒಂದು ಧಾರ್ಮಿಕ ಪ್ರಕಾಶನ ಸಂಸ್ಥೆ ಇತ್ತು. ಅವರು 1879ರಲ್ಲಿ ಹುಡುಗರಿಗೆ ಒಂದು ವಾರಪತ್ರಿಕೆ ತೆಗೆದರು, ಬಾಯ್ಸ್ ಓನ್ ಪೇಪರ್. ಚೆನ್ನಾಗಿ ಹೋಯಿತು. ಮಾರನೇ ವರ್ಷ 1880ರ ಜನವರಿ 3ಕ್ಕೆ ಹುಡುಗಿಯರಿಗೂ ಒಂದು ಬಂತು, ಗರ್ಲ್ಸ್ ಓನ್ ಪೇಪರ್. ವಾರಕ್ಕೊಂದು ಸಂಚಿಕೆ, ಬೆಲೆ ಒಂದು ಪೆನ್ನಿ. ಕೆಲವೇ ವರ್ಷದಲ್ಲಿ 2 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗುತ್ತಿತ್ತು. ಅಣ್ಣನ ಪತ್ರಿಕೆಯನ್ನೇ ತಂಗಿ ಮೀರಿಸಿತು. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿದು ರಟ್ಟು ಹಾಕಿ ಮಾರುತ್ತಿದ್ದರು. ಗುಜರಿಯಲ್ಲಿ ಸಿಕ್ಕಿದ್ದು ಅಂಥವೇ. ನನ್ನ ಕೈಲಿರುವುದು 1892ರ ಅಕ್ಟೋಬರ್‌ನಿಂದ 1893ರ ಸೆಪ್ಟೆಂಬರ್‌ವರೆಗಿನದು.

1880 ಅಂದಾಗ ಕೆಜಿಎಫ್‌ನವರಿಗೆ ಇನ್ನೊಂದು ನೆನಪಾಗಬೇಕು. ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ನಮ್ಮ ಗಣಿಗಳಿಗೆ ಕಾಲಿಟ್ಟ ವರ್ಷವೂ ಅದೇ. ಪತ್ರಿಕೆ ನಿಂತದ್ದು 1956ರಲ್ಲಿ. ಗಣಿ ಅವರ ಕೈ ಬಿಟ್ಟದ್ದೂ 1956ರಲ್ಲಿ. ಒಂದಕ್ಕೊಂದು ಸಂಬಂಧ ಏನೂ ಇಲ್ಲ, ಗೊತ್ತು. ಆದರೂ ಬಸ್ಸಿನಲ್ಲಿ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಬರುವಾಗ, ಆಚೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬ ಕಾಣುವಾಗ, ಎರಡೂ ಸೇರಿ ಏನೋ ಆಯಿತು ನನಗೆ.

ಈ ಪತ್ರಿಕೆಯ ಜೀವ ಇದ್ದದ್ದು ಕತೆಗಳಲ್ಲಿ ಅಲ್ಲ. ಕೊನೆಯ ಪುಟಗಳಲ್ಲಿ. ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟ ಅದು. ಸಣ್ಣಕ್ಷರ, ಒತ್ತೊತ್ತಾಗಿ. ವಿದ್ಯೆ, ಕೆಲಸ, ಸಂಗೀತ, ಇತರೆ ಅಂತ ವಿಂಗಡಿಸಿ. ಒಂದು ವಿಶೇಷ ಇದೆ. ಪ್ರಶ್ನೆಗಳನ್ನು ಅಚ್ಚು ಹಾಕುತ್ತಲೇ ಇರಲಿಲ್ಲ! ಹುಡುಗಿ ಇಟ್ಟುಕೊಂಡ ಗುಪ್ತನಾಮ, ಅದರ ಮುಂದೆ ಉತ್ತರ, ಅಷ್ಟೇ. ಹೂವಿನ ಹೆಸರು, ಹಕ್ಕಿಯ ಹೆಸರು ಇಟ್ಟುಕೊಂಡು ಬರೆಯುತ್ತಿದ್ದರು. ಏನು ಕೇಳಿದ್ದಳು ಅಂತ ಅವಳಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಕೂತು ಓದುವ ಅಮ್ಮನಿಗೂ ಗೊತ್ತಾಗುವುದಿಲ್ಲ.

ಅಮ್ಮ ಮತ್ತೆ ಅವಳ ಗೆಳತಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಉತ್ತರ ಓದಿ ಪ್ರಶ್ನೆ ಏನಿರಬಹುದು ಅಂತ ಊಹೆ ಮಾಡುವ ಆಟ ಆಡುತ್ತಿದ್ದರಂತೆ. ಇಂಗ್ಲೆಂಡಿನ ಯಾವುದೋ ಮನೆಯ ಕೆಲಸದ ಹುಡುಗಿ 1890ರಲ್ಲಿ ಕೇಳಿದ ಪ್ರಶ್ನೆಯನ್ನು ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಮನೆಗಳ ಲೈನಿನಲ್ಲಿ ಇಬ್ಬರು ಹುಡುಗಿಯರು 1962ರಲ್ಲಿ ಕನ್ನಡದಲ್ಲಿ ಕಟ್ಟುತ್ತಿದ್ದರು. ಇದನ್ನು ಯೋಚನೆ ಮಾಡಿದರೆ ನನಗೆ ಗಂಟಲು ಕಟ್ಟುತ್ತೆ.

ಆ ಉತ್ತರಗಳು ಮುದ್ದಿನ ಮಾತುಗಳೇನೂ ಅಲ್ಲ. ನಿನ್ನ ಕೈಬರಹ ಚೆನ್ನಾಗಿಲ್ಲ, ತಿದ್ದಿಕೋ ಅಂತ ಬೈಯುವುದು ತುಂಬಾ ಇದೆ. ಕಳಿಸಿದ ಪದ್ಯ ಪದ್ಯವೇ ಅಲ್ಲ ಅನ್ನುವುದೂ ಇದೆ. ಮೆಡಿಕಸ್ ಅನ್ನುವ ಹೆಸರಲ್ಲಿ ಗಾರ್ಡನ್ ಸ್ಟೇಬಲ್ಸ್ ಅಂತ ಒಬ್ಬ ನೌಕಾಪಡೆಯ ಡಾಕ್ಟರು ಬರೆಯುತ್ತಿದ್ದರು. ತಣ್ಣೀರು ಸ್ನಾನ, ಒಳ್ಳೇ ಗಾಳಿ, ಓಟ್ಸ್ ಗಂಜಿ. ಆದರೆ ಕೆಲಸದ ಬಗ್ಗೆ ಕೇಳಿದವಳಿಗೆ ನೇರವಾಗಿ ಹೇಳುತ್ತಿದ್ದರು. ನರ್ಸ್ ಆಗಬೇಕಾದರೆ ತರಬೇತಿ ಎಲ್ಲಿ, ಯಾವ ಪರೀಕ್ಷೆ ಕಟ್ಟಬೇಕು, ಯಾವ ವಯಸ್ಸಿಗೆ ಸೇರಿಸಿಕೊಳ್ಳುತ್ತಾರೆ. ಹುಡುಗಿ ಕೇಳಿದ್ದಾಳೆ, ಉತ್ತರ ಕೊಡಬೇಕು. ನಗಬಾರದು. ಇಷ್ಟು ಅವರಿಗೆ ಗೊತ್ತಿತ್ತು.

ಇದನ್ನು ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೂ ಒಂದು ಪ್ರಶ್ನೆ ಕೇಳಿದ್ದೆ.

ಆಗ ನನಗೆ 14. ಮನೆಗೆ ಬರುತ್ತಿದ್ದ ಒಂದು ಕನ್ನಡ ವಾರಪತ್ರಿಕೆಯ ಪ್ರಶ್ನೋತ್ತರ ಅಂಕಣಕ್ಕೆ ಕಾರ್ಡಿನಲ್ಲಿ ಬರೆದು ಹಾಕಿದೆ. ನಮ್ಮ ತಾತ ನೆಲದಡಿ ಕೆಲಸ ಮಾಡಿದವರು. ಅಪ್ಪನೂ ಗಣಿಯಲ್ಲೇ ಇದ್ದರು. ಹುಡುಗಿಯರು ಗಣಿ ಇಂಜಿನಿಯರ್ ಆಗಿ ಶಾಫ್ಟ್ ಒಳಗೆ ಇಳಿಯಬಹುದಾ, ಅದಕ್ಕೆ ಏನು ಓದಬೇಕು. ಇಷ್ಟೇ ಕೇಳಿದ್ದು. ಎರಡು ತಿಂಗಳಾದ ಮೇಲೆ ನನ್ನ ಹೆಸರು, ಊರು ಸಮೇತ ಅಚ್ಚಾಯಿತು. ಚಿನ್ನ ತೆಗೆಯೋದು ಗಂಡಸರ ಕೆಲಸ, ಹಾಕಿಕೊಳ್ಳೋದು ಹೆಂಗಸರ ಕೆಲಸ, ನೀವು ಯಾಕೆ ಕಷ್ಟಪಡ್ತೀರಿ ಅನ್ನುವ ಅರ್ಥದ ಒಂದು ಸಾಲು. ಕ್ಲಾಸಿನಲ್ಲಿ ವಾರವಿಡೀ ನಗಾಡಿದರು. ಮೇಷ್ಟ್ರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಒಂದಿತ್ತು. 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್. ಹೆಂಗಸರು ನೆಲದಡಿ ಕೆಲಸ ಮಾಡುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಇದನ್ನು ಎರಡು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು. ಕಾನೂನು ಹೀಗಿದೆ ಮಗಳೇ, ಮೇಲ್ಗಡೆ ಕೆಲಸಕ್ಕೆ ಅಡ್ಡಿ ಇಲ್ಲ, ಭೂಗರ್ಭಶಾಸ್ತ್ರ ಓದು, ಸರ್ವೆ ಕಲಿ ಅಂತ ಒಂದು ದಾರಿ ತೋರಿಸಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ. ಆ ಸೆಕ್ಷನ್ ಬಗ್ಗೆ ನನಗೆ ಗೊತ್ತಾದದ್ದು 2019ರಲ್ಲಿ. ಷರತ್ತು ಹಾಕಿ ಹಗಲು ಹೊತ್ತಿನಲ್ಲಿ ಹೆಂಗಸರೂ ಭೂಗತ ಗಣಿಯ ತಾಂತ್ರಿಕ ಕೆಲಸಕ್ಕೆ ಇಳಿಯಬಹುದು ಅಂತ ಕೇಂದ್ರ ಸರ್ಕಾರ ಬಿಟ್ಟಾಗ, ಪೇಪರ್‌ನಲ್ಲಿ ಓದಿ. ಅಷ್ಟು ಹೊತ್ತಿಗೆ ನಮ್ಮ ಗಣಿ ಮುಚ್ಚಿ 18 ವರ್ಷ ಆಗಿತ್ತು.

ನಮ್ಮಲ್ಲಿ ಹುಡುಗಿಯರಿಗೆ ಅಂತ ಏನಿತ್ತು, ಹೇಳಿ. ಚಂದಮಾಮ ಇತ್ತು, 1949ರಿಂದ ಕನ್ನಡದಲ್ಲಿ ಬರುತ್ತಿತ್ತು, ಬೇತಾಳನ ಕತೆ ಓದಿ ಬೆಳೆದವರು ನಾವು. ಬಾಲಮಂಗಳ ಬಂತು, ಡಿಂಗನಿಗಾಗಿ ಅಂಗಡಿ ಮುಂದೆ ಕಾಯುತ್ತಿದ್ದೆವು. ಅವು ಮಕ್ಕಳಿಗೆ. 12 ತುಂಬಿದ ಮೇಲೆ? ನೇರ ಅಮ್ಮನ ಪತ್ರಿಕೆಗೆ ಜಿಗಿಯಬೇಕು. ಹೊಸ ರುಚಿ, ಬಸುರಿಯರ ಆರೈಕೆ, ಅತ್ತೆ ಸೊಸೆ ಧಾರಾವಾಹಿ. ಅಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮಗು ಅಂತ ಮಾತಾಡಿಸುತ್ತಿದ್ದರು, ಇಲ್ಲ ಗೃಹಿಣಿ ಅಂತ ಮಾತಾಡಿಸುತ್ತಿದ್ದರು. ನಡುವೆ ಆರು ವರ್ಷ ಹುಡುಗಿ ಎಲ್ಲಿ ಹೋಗಬೇಕು?

ಕನ್ನಡಕ್ಕೆ ಆ ಕಸುವು ಇರಲಿಲ್ಲ ಅಂತ ಯಾರೂ ಹೇಳಬೇಡಿ. ನಂಜನಗೂಡಿನ ತಿರುಮಲಾಂಬ ಬಾಲವಿಧವೆ. ಮನೆಯಲ್ಲೇ ಓದಿ ಬರೆದು ಪುಸ್ತಕಮಾಲೆ ಮಾಡಿ, ಕರ್ನಾಟಕ ನಂದಿನಿ ಅಂತ ಪತ್ರಿಕೆ ತೆಗೆದವರು. ಅದೂ 1910ರ ದಶಕದಲ್ಲಿ. ಆರ್. ಕಲ್ಯಾಣಮ್ಮ ಸರಸ್ವತಿ ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು. ಇವರಿಬ್ಬರೂ ಹೆಂಗಸರಿಗೆ ಓದೋದೇ ಬೇಡ ಅನ್ನುತ್ತಿದ್ದ ಕಾಲದಲ್ಲಿ ಅಚ್ಚಿನ ಮೊಳೆ, ಕಾಗದ, ಚಂದಾ ಅಂತ ಓಡಾಡಿದವರು. ಅವರು ಹಾಕಿದ ದಾರಿಯನ್ನು ಇನ್ನೊಂದು ಮಾರು ಮುಂದೆ ಒಯ್ದು ಹುಡುಗಿಯರಿಗೂ ಒಂದು ಪುಟ ಕೊಡಬಹುದಿತ್ತು. ದೊಡ್ಡ ದೊಡ್ಡ ಪತ್ರಿಕಾ ಸಂಸ್ಥೆಗಳು ಸಿನಿಮಾಗೆ, ಕ್ರೀಡೆಗೆ, ಕೃಷಿಗೆ ಅಂತ ಬೇರೆ ಬೇರೆ ಪತ್ರಿಕೆ ಮಾಡಿದವು. 13 ವರ್ಷದವಳ ಕೈಯಲ್ಲಿ ದುಡ್ಡಿಲ್ಲ, ಅದಕ್ಕೆ ಅವಳು ಲೆಕ್ಕಕ್ಕಿಲ್ಲ.

ಗರ್ಲ್ಸ್ ಓನ್ ಹೇಗೆ ಮುಗಿಯಿತು ಅನ್ನುವುದರಲ್ಲೂ ಇದೇ ಕತೆ ಇದೆ. ಚಾರ್ಲ್ಸ್ ಪೀಟರ್ಸ್ ಅನ್ನುವವರು ಮೊದಲ ಸಂಪಾದಕರು. 1907ರಲ್ಲಿ ತೀರಿಕೊಳ್ಳುವವರೆಗೆ ಅವರೇ ನಡೆಸಿದರು. ಮುಂದಿನ ವರ್ಷ ಫ್ಲೋರಾ ಕ್ಲಿಕ್‌ಮನ್ ಬಂದರು. ತುಂಬಾ ಸಮರ್ಥ ಹೆಂಗಸು, ಇಪ್ಪತ್ತಕ್ಕೂ ಜಾಸ್ತಿ ವರ್ಷ ಕೂತರು. ವಾರಪತ್ರಿಕೆ ಮಾಸಪತ್ರಿಕೆ ಆಯಿತು. ಹೆಸರಿಗೆ "ವುಮನ್ಸ್ ಮ್ಯಾಗಜೀನ್" ಅಂತ ಬಾಲ ಸೇರಿತು. ಅಲ್ಲಿಂದಲೇ ಹುಡುಗಿಯನ್ನು ಹೆಂಗಸು ಪಕ್ಕಕ್ಕೆ ತಳ್ಳುವುದು ಶುರು ಅಂತ ನನಗನ್ನಿಸುತ್ತೆ. ಮತ್ತೆ ನಡುವೆ ಚೇತರಿಸಿಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಹೆಣ್ಣು ಪೈಲಟ್ ಒಬ್ಬಳ ಸಾಹಸದ ಧಾರಾವಾಹಿ ಬರುತ್ತಿತ್ತು. ಆಮೇಲೆ 1950ರ ದಶಕದಲ್ಲಿ ಹೆಸರನ್ನೇ ತೆಗೆದು "ಹೇರೆಸ್" ಅಂತ ಇಟ್ಟರು. ಹೇರೆಸ್ ಅಂದರೆ ಆಸ್ತಿಗೆ ವಾರಸುದಾರಳು. ಹುಡುಗಿ, ಅವಳ ಸ್ವಂತದ್ದು ಅನ್ನುವ ಎರಡೂ ಮಾತು ಹೋಯಿತು. ಅಂಗಡಿಯಲ್ಲಿ ಬಣ್ಣದ ಚಿತ್ರಕತೆಯ ಹೊಸ ಪತ್ರಿಕೆಗಳು ಬಂದಿದ್ದವು. 1951ರಲ್ಲಿ "ಗರ್ಲ್" ಅನ್ನುವ ಹೆಸರಲ್ಲೇ ಒಂದು ಶುರುವಾಗಿತ್ತು. 1956ಕ್ಕೆ ಹಳೆಯದು ನಿಂತಿತು. 76 ವರ್ಷ. ಅಣ್ಣ ಬಾಯ್ಸ್ ಓನ್ ಮಾತ್ರ 1967ರವರೆಗೆ ಅದೇ ಹೆಸರಲ್ಲಿ ಬದುಕಿದ. ಹುಡುಗರ ಪತ್ರಿಕೆಗೆ ಹೆಸರು ಬದಲಾಯಿಸಿಕೋ ಅಂತ ಯಾರೂ ಹೇಳಲಿಲ್ಲ, ನೋಡಿ.

ಅಲ್ಲಿ ಒಂದು ಹೋದರೆ ಇನ್ನೊಂದು ಬಂತು. 1964ರಲ್ಲಿ ಸ್ಕಾಟ್ಲೆಂಡಿನ ಡಂಡಿಯಿಂದ "ಜ್ಯಾಕಿ" ಬಂತು, 1993ರವರೆಗೆ ನಡೆಯಿತು. ಅದರಲ್ಲೂ ಹುಡುಗಿಯರ ಪತ್ರಗಳಿಗೆ ಉತ್ತರ ಕೊಡುವ ಪುಟಕ್ಕೇ ಹೆಚ್ಚು ಹೆಸರು. ಅವರಿಗೆ ಎರಡು ಮೂರು ಬಂದು ಹೋದವು. ನನಗೆ ಒಂದೂ ಬರಲಿಲ್ಲ.

ಈಗ ಕಾಮೆಂಟಿನಲ್ಲಿ ಯಾರೋ ಬರೆಯುತ್ತೀರಿ ಅಂತ ಗೊತ್ತು. ಮೇಡಂ, ಅದು ಬಿಳಿಯರ ಪತ್ರಿಕೆ, ಮಿಷನರಿ ಪತ್ರಿಕೆ, ನಮ್ಮ ಚಿನ್ನ ಹೊತ್ತೊಯ್ದವರ ಮಕ್ಕಳು ಬಂಗಲೆಯಲ್ಲಿ ಕೂತು ಓದಿದ್ದು, ಅದಕ್ಕೆ ಯಾಕೆ ಅಳುತ್ತೀರಿ? ನನಗೆ ಇದನ್ನು ಹೇಳಿಕೊಡಬೇಡಿ. ನಮ್ಮ ತಾತ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಸತ್ತರು. ಬಂಗಲೆಗೂ ಲೈನಿಗೂ ಎಷ್ಟು ದೂರ ಇತ್ತು ಅಂತ ನಮ್ಮ ಮನೆಯವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಆ ಪತ್ರಿಕೆಯಲ್ಲಿ ಸಾಮ್ರಾಜ್ಯದ ಜಂಬ ಇದೆ, ಉಪದೇಶ ಇದೆ, ಎಲ್ಲಾ ಇದೆ. ಆದರೆ ಅಜ್ಜಿ ಅದರಿಂದ ಲೇಸ್ ಹೆಣೆದಳು, ಅಮ್ಮ ಅದರಿಂದ ಓದು ಕಲಿತಳು. ನಮ್ಮವರು ದುಡಿದು ಗಳಿಸಿಕೊಂಡದ್ದು ಅದು.

ಇನ್ನೊಬ್ಬರು ಹೇಳುತ್ತೀರಿ, ಈಗ ಮೊಬೈಲ್ ಇದೆಯಲ್ಲ, ಎಲ್ಲಾ ಹುಡುಕಿಕೊಳ್ಳುತ್ತಾರೆ ಅಂತ. ಬನ್ನಿ, ನಮ್ಮ ಸ್ಕೂಲಿಗೆ ಬನ್ನಿ. ಎಂಟನೇ ಕ್ಲಾಸಿನ ಹುಡುಗಿಗೆ ಮನೆಯ ಫೋನ್ ಯಾವಾಗ ಸಿಗುತ್ತೆ ಗೊತ್ತಾ? ಅಪ್ಪನದಾಗಿ, ಅಣ್ಣನದಾಗಿ, ರಾತ್ರಿ ಚಾರ್ಜ್ ಹತ್ತು ಪರ್ಸೆಂಟ್ ಇರುವಾಗ. ಹುಡುಕಿದ್ದನ್ನು ಬೆಳಿಗ್ಗೆ ಅಣ್ಣ ನೋಡುತ್ತಾನೆ. ಅವಳು ಏನು ಕೇಳಿದಳು ಅನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. 1880ರಲ್ಲಿ ಆ ಲಂಡನ್ನಿನವರು ಇದನ್ನು ಅರ್ಥ ಮಾಡಿಕೊಂಡಿದ್ದರಲ್ಲ!

ಇಷ್ಟು ಹೊತ್ತು ಬೇರೆಯವರ ಮೇಲೆ ಹೇಳಿದೆ. ಈಗ ನನ್ನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಸುಳ್ಳು ಬರಹ ಆಗುತ್ತೆ.

ನಾಲ್ಕು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಕಿಟಕಿ ಮೇಲೆ ಒಂದು ಡಬ್ಬಿ ಇಟ್ಟಿದ್ದೆ. ಬಿಸ್ಕತ್ ಡಬ್ಬಿ, ಮುಚ್ಚಳಕ್ಕೆ ಸೀಳು ಮಾಡಿ. ಹುಡುಗಿಯರು ಏನು ಬೇಕಾದರೂ ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬೇಡ, ಶುಕ್ರವಾರ ಕೊನೇ ಪಿರಿಯಡ್‌ನಲ್ಲಿ ನಾನು ಉತ್ತರ ಹೇಳುತ್ತೇನೆ ಅಂತ. ಅಮ್ಮ ಹೇಳುತ್ತಿದ್ದ ಆ ಪುಟದಿಂದಲೇ ಬಂದ ಯೋಚನೆ. ಮೊದಲ ವಾರ ಮೂರು ಚೀಟಿ. ಆಮೇಲೆ ಡಬ್ಬಿ ತುಂಬತೊಡಗಿತು. ಮುಟ್ಟಿನ ಬಗ್ಗೆಯೇ ಜಾಸ್ತಿ. ಸ್ಕೂಲಿನಲ್ಲಿ ಪ್ಯಾಡ್ ಕೊಡುತ್ತಿದ್ದೆವು, ಆದರೆ ಅದರ ಬಗ್ಗೆ ಮಾತು ಯಾರೂ ಆಡುತ್ತಿರಲಿಲ್ಲ. ಹೊಟ್ಟೆನೋವು ಎಷ್ಟು ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು ಮಿಸ್. ಟೆಂತ್ ಆದ ಮೇಲೆ ಡಿಪ್ಲೊಮಾಗೆ ಸೇರಿದರೆ ಹಾಸ್ಟೆಲ್ ಸಿಗುತ್ತಾ ಮಿಸ್. ನಮ್ಮ ಮಾವ ಬಂದಾಗ ನನಗೆ ಅವರ ಪಕ್ಕ ಕೂರೋಕೆ ಇಷ್ಟ ಇಲ್ಲ, ಅಮ್ಮನಿಗೆ ಹೇಗೆ ಹೇಳಲಿ ಮಿಸ್. ಕೈ ನಡುಗಿಸಿ ಬರೆದ ಅಕ್ಷರ.

ನಾಲ್ಕು ತಿಂಗಳು ನಡೆಯಿತು. ಒಬ್ಬ ಹುಡುಗಿಯ ತಂದೆ ಬಂದು ಗಲಾಟೆ ಮಾಡಿದರು. ಹುಡುಗಿಯರ ತಲೆ ಕೆಡಿಸುತ್ತಿದ್ದೀರಿ ಅಂದರು. ಹೆಡ್‌ಮಾಸ್ಟರ್ ಕರೆದು ಸದ್ಯಕ್ಕೆ ಬೇಡ ಮೇಡಂ ಅಂದರು. ನಾನು ಒಂದು ಮಾತು ಆಡಲಿಲ್ಲ. ವಾದ ಮಾಡಬಹುದಿತ್ತು, ಇನ್ನಿಬ್ಬರು ಟೀಚರ್‌ಗಳನ್ನು ಜೊತೆಗೆ ಕರೆದುಕೊಳ್ಳಬಹುದಿತ್ತು, ತಾಯಂದಿರನ್ನು ಕರೆಸಬಹುದಿತ್ತು. ಮಾಡಲಿಲ್ಲ. ಡಬ್ಬಿ ತೆಗೆದು ಮನೆಗೆ ತಂದೆ. ಮಾವನ ಬಗ್ಗೆ ಬರೆದವಳು ಯಾರು ಅಂತ ಮೊದಲೇ ಊಹೆ ಮಾಡಿ ಅವಳ ಅಮ್ಮನ ಹತ್ತಿರ ಮಾತಾಡಿದ್ದೆ, ಅದೊಂದೇ ಸಮಾಧಾನ. ಉಳಿದವರಿಗೆ ಶುಕ್ರವಾರ ಬಂತು, ಉತ್ತರ ಬರಲಿಲ್ಲ. ನನ್ನ ಕಾರ್ಡಿಗೆ ನಕ್ಕ ಆ ಅಂಕಣದವರಾದರೂ ಒಂದು ಸಾಲು ಬರೆದಿದ್ದರು. ನಾನು ಅದನ್ನೂ ಕೊಡಲಿಲ್ಲ.

ಇವತ್ತು ಸಂಜೆ ಪುಸ್ತಕವನ್ನು ಅಮ್ಮನ ಮಡಿಲಲ್ಲಿ ಇಟ್ಟೆ. ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಕ್ರೋಶಾ ಪುಟ. ಬೆರಳಿಟ್ಟು ಕುಣಿಕೆ ಎಣಿಸಿದಳು. ಆಮೇಲೆ ಹಿಂದಿನ ಪುಟಕ್ಕೆ ಹೋಗಿ ಒಂದು ಉತ್ತರ ಮೆಲ್ಲಗೆ ಓದಿ, "ಇವಳು ಏನು ಕೇಳಿರಬಹುದು ಹೇಳು" ಅಂದಳು. ನಾನು ಒಂದು ಹೇಳಿದೆ. "ಅಲ್ಲ, ಇವಳಿಗೆ ಮನೆ ಬಿಟ್ಟು ಹೋಗಬೇಕಿತ್ತು, ನೋಡು ಹೆಂಗೆ ಸುತ್ತಿ ಬಳಸಿ ಕೇಳಿದ್ದಾಳೆ" ಅಂದಳು. ಗೆಳತಿಯ ನೆನಪಾಯಿತೋ ಏನೋ, ಸ್ವಲ್ಪ ಹೊತ್ತು ಸುಮ್ನೆ ಇದ್ದಳು.

ಬಂಗಾರಪೇಟೆಗೆ ಬಂದ ಮೇಲೆ ಅಟ್ಟದಿಂದ ಡಬ್ಬಿ ಇಳಿಸಿದೆ. 31 ಚೀಟಿ ಇವೆ, ಉತ್ತರ ಸಿಗದೆ ಉಳಿದವು. ಬರೆದ ಹುಡುಗಿಯರು ಈಗ ಸ್ಕೂಲಿನಲ್ಲಿ ಇಲ್ಲ. ಆದರೆ ಈಗಿನ ಒಂಬತ್ತನೇ ಕ್ಲಾಸಿನವರ ಪ್ರಶ್ನೆಗಳೂ ಇವೇ ಇರುತ್ತವೆ, ಬೇರೆ ಏನಿರುತ್ತೆ? ಹೆಡ್‌ಮಾಸ್ಟರ್‌ಗೆ ಫೋನ್ ಮಾಡಿ ಸೋಮವಾರ ಡಬ್ಬಿ ಮತ್ತೆ ಇಡುತ್ತೇನೆ ಅಂತ ಹೇಳಿದ್ದೇನೆ. ಅವರು ನೋಡೋಣ ಅಂದರು. ಕೇಳಿ ಇಡುತ್ತಿಲ್ಲ ಸರ್, ಹೇಳಿ ಇಡುತ್ತಿದ್ದೇನೆ ಅಂದೆ. ನಾಲ್ಕು ವರ್ಷದ ಹಿಂದೆ ಆಡಬೇಕಿದ್ದ ಮಾತು.

ಒಂದು ಸಹಾಯ ಬೇಕು. ಗುಜರಿಯಲ್ಲಿ ಐದು ಸಂಪುಟ ಇದ್ದವು. ಎರಡರ ರಟ್ಟು ಕಿತ್ತು ಹಾಳೆ ಆಗಲೇ ಮೂಟೆಗೆ ಸೇರಿತ್ತು. ಕೈಲಿ ಹೊರಲಾರದೆ ಒಂದನ್ನು ಮಾತ್ರ ತಂದೆ. ಉಳಿದ ಎರಡನ್ನು ಎತ್ತಿಡಪ್ಪಾ ಅಂತ 200 ರೂಪಾಯಿ ಕೊಟ್ಟು ಬಂದಿದ್ದೇನೆ. ಮಂಗಳವಾರ ಪೇಪರ್ ಲಾರಿ ಬರುತ್ತಂತೆ. ಸೋಮವಾರ ರಾಬರ್ಟ್‌ಸನ್‌ಪೇಟೆ ಕಡೆ ಹೋಗುವವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಅಂಗಡಿ ಎಲ್ಲಿ ಅಂತ ಹೇಳುತ್ತೇನೆ. ಬಟ್ಟೆ ಚೀಲ ತಗೊಂಡು ಹೋಗಿ, ಕವರ್ ಹರಿಯುತ್ತೆ, ಭಾರ ಇದೆ.